ಅರ್ಮೇನಿಯಾದ ಸ್ಯೂನಿಕ್ ಹಳ್ಳಿಗಳಲ್ಲಿ ಆರು ದಿನ: ಎಲ್ಲಿ ತಂಗಬೇಕು, ಹೇಗೆ ಸುತ್ತಬೇಕು?

ಹಾದಿಹೋಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರಿನಲ್ಲಿ ನಾನು ಮತ್ತು ನನ್ನ ಪತ್ನಿ ಅರ್ಮೇನಿಯಾಕ್ಕೆ ಹೋಗುತ್ತಿದ್ದೇವೆ. ರಾಜಧಾನಿ ಯೆರೆವಾನಿಗೆ ಎರಡು ದಿನ ಕೊಟ್ಟು, ಉಳಿದ ಆರು ದಿನಗಳನ್ನು ದೇಶದ ದಕ್ಷಿಣದ ಮಲೆನಾಡಾದ ಸ್ಯೂನಿಕ್ ಪ್ರಾಂತ್ಯದ ಸಣ್ಣ ಊರುಗಳಲ್ಲಿ ಕಳೆಯಬೇಕೆಂದು ನಿರ್ಧರಿಸಿದ್ದೇವೆ. ಪ್ರವಾಸ ಸಂಸ್ಥೆಯೊಂದನ್ನು ವಿಚಾರಿಸಿದಾಗ, ಬೆಳಗಿನ ಜಾವ ಯೆರೆವಾನಿನಿಂದ ಹೊರಟು ತಾತೆವ್ ಮಠವನ್ನು ನೋಡಿಕೊಂಡು ಅದೇ ರಾತ್ರಿ ಮರಳುವ ಪ್ರವಾಸವನ್ನಷ್ಟೇ ಅವರು ಸೂಚಿಸಿದರು. ನಮಗೆ ಅದು ಬೇಡ. ಗೋರಿಸ್, ಸಿಸಿಯಾನ್, ತಾತೆವ್ ಈ ಮೂರರಲ್ಲಿ ಎಲ್ಲಿ ಉಳಿದುಕೊಂಡರೆ ಅನುಕೂಲ? ಸ್ವಂತ ವಾಹನವಿಲ್ಲದೆ ಹಳ್ಳಿಗಳನ್ನು ತಲುಪಬಹುದೇ? ನಾವಿಬ್ಬರೂ ಸಸ್ಯಾಹಾರಿಗಳು. ಗಡಿಸೀಮೆ ಎಂಬ ಕಾರಣಕ್ಕೆ ಮನೆಯ ಹಿರಿಯರಿಗೆ ಆತಂಕವೂ ಇದೆ. ಅಲ್ಲಿ ಓಡಾಡಿದವರು ದಯವಿಟ್ಟು ತಿಳಿಸಿಕೊಡಿ.

ಅರಾರಾತ್ ನೆರೆಯವಳು:

ನಾನು ನಾಲ್ಕು ವರ್ಷಗಳಿಂದ ಯೆರೆವಾನಿನಲ್ಲಿ ಓದುತ್ತಿದ್ದೇನೆ ಮತ್ತು ಸ್ಯೂನಿಕ್‌ಗೆ ಐದು ಬಾರಿ ಹೋಗಿ ಬಂದಿದ್ದೇನೆ. ಒಂದು ದಿನದ ಪ್ರವಾಸವನ್ನು ನೀವು ಒಪ್ಪದಿದ್ದುದು ಸರಿಯಾದ ನಿರ್ಧಾರ. ಯೆರೆವಾನಿನಿಂದ ಗೋರಿಸ್‌ಗೆ ಸುಮಾರು 240 ಕಿಲೋಮೀಟರ್. ಹೋಗುವುದಕ್ಕೇ ನಾಲ್ಕೈದು ಗಂಟೆ ಹಿಡಿಯುವುದರಿಂದ, ಅದೇ ದಿನ ಮರಳುವವರು ಕಿಟಕಿಯಾಚೆಯ ದೃಶ್ಯಕ್ಕಿಂತ ಹೆಚ್ಚಿನದನ್ನು ಕಾಣುವುದಿಲ್ಲ.

ನನ್ನ ಸಲಹೆ ಎರಡು ರಾತ್ರಿ ಸಿಸಿಯಾನ್, ಮೂರು ರಾತ್ರಿ ಗೋರಿಸ್. ಯೆರೆವಾನಿನಿಂದ ಎರಡೂ ಊರುಗಳಿಗೆ ಮಾರ್ಶ್ರುತ್ಕಾ ಎಂಬ ಸಣ್ಣ ವ್ಯಾನುಗಳು ಓಡುತ್ತವೆ. ಅವು ಬಹುಮಟ್ಟಿಗೆ ಬೆಳಿಗ್ಗೆಯೇ ಹೊರಡುವುದರಿಂದ, ಯಾವ ನಿಲ್ದಾಣದಿಂದ, ಎಷ್ಟು ಹೊತ್ತಿಗೆ ಎಂಬುದನ್ನು ಹಿಂದಿನ ದಿನವೇ ಕೇಳಿಕೊಳ್ಳಿ. ದಾರಿಯಲ್ಲಿ 2344 ಮೀಟರ್ ಎತ್ತರದ ವೊರೊತಾನ್ ಕಣಿವೆದಾರಿಯನ್ನು ದಾಟುವಾಗ ರಸ್ತೆಯ ಎರಡೂ ಬದಿಗೆ ಸೋವಿಯತ್ ಕಾಲದ ಕಾಂಕ್ರೀಟ್ ಗೋಪುರಗಳು ಕಾಣುತ್ತವೆ. ಅಲ್ಲಿಂದಾಚೆಗೆ ಸ್ಯೂನಿಕ್.

ಸಿಸಿಯಾನ್ ಪಟ್ಟಣದಿಂದ ಮೂರು ಕಿಲೋಮೀಟರ್ ದೂರದ ದಿಬ್ಬದ ಮೇಲೆ ಜೊರಾತ್ಸ್ ಕಾರೆರ್ ಎಂಬ ನಿಲುಗಲ್ಲುಗಳ ತಾಣವಿದೆ. ಇನ್ನೂರಕ್ಕೂ ಹೆಚ್ಚು ಕಲ್ಲುಗಳಲ್ಲಿ ಸುಮಾರು ಎಂಬತ್ತಕ್ಕೆ ರಂಧ್ರ ಕೊರೆದಿದ್ದಾರೆ. ಇದು ಪ್ರಾಚೀನ ಖಗೋಳ ವೀಕ್ಷಣಾಲಯವಾಗಿತ್ತೆಂದು ನಿಮ್ಮ ಚಾಲಕರು ಖಂಡಿತವಾಗಿ ಹೇಳುತ್ತಾರೆ. ಆದರೆ ಅಲ್ಲಿ ಕಂಚಿನ ಯುಗದ ಸಮಾಧಿಗಳಿರುವುದರಿಂದ ಪುರಾತತ್ತ್ವಜ್ಞರು ಅದನ್ನು ಮುಖ್ಯವಾಗಿ ಸಮಾಧಿಭೂಮಿಯೆಂದೇ ಗುರುತಿಸುತ್ತಾರೆ. ಸಂಜೆ ಇಳಿಬಿಸಿಲಿನಲ್ಲಿ ಹೋಗಿ. ಸುತ್ತಲ ಹಳ್ಳಿಗಳಲ್ಲಿ ಸೆಪ್ಟೆಂಬರಿನ ಹೊತ್ತಿಗೆ ಚಳಿಗಾಲದ ಸಿದ್ಧತೆ ಶುರುವಾಗಿರುತ್ತದೆ: ಹುಲ್ಲಿನ ಬಣವೆಗಳು, ಒಲೆಗೆಂದು ಒಟ್ಟಿಟ್ಟ ಬೆರಣಿ, ಜಗಲಿಯಲ್ಲಿ ಒಣಗುವ ಹಣ್ಣು.

ಗಡಿಯ ವಿಷಯವನ್ನು ಹಗುರವಾಗಿ ಹೇಳಲಾರೆ. ಗೋರಿಸ್‌ನಿಂದ ದಕ್ಷಿಣದ ಕಪಾನ್ ಪಟ್ಟಣಕ್ಕೆ ಹೋಗುವ ಹಳೆಯ ಹೆದ್ದಾರಿಯ ಕೆಲವು ಭಾಗಗಳು ಎರಡೂ ದೇಶಗಳ ನಡುವಿನ 2020ರ ಯುದ್ಧದ ನಂತರ ಅಜರ್ಬೈಜಾನಿನ ಹಿಡಿತಕ್ಕೆ ಹೋದವು. 2021ರ ನವೆಂಬರಿನಿಂದ ಜನರು ತಾತೆವ್ ಮೂಲಕ ಸಾಗುವ ರಸ್ತೆಯನ್ನು ಬಳಸುತ್ತಿದ್ದಾರೆ. 2023ರ ಸೆಪ್ಟೆಂಬರಿನ ಕೊನೆಯಲ್ಲಿ ಅಜರ್ಬೈಜಾನಿನೊಳಗೆ ಅರ್ಮೇನಿಯನ್ನರು ವಾಸವಾಗಿದ್ದ ನಾಗೋರ್ನೊ-ಕರಾಬಾಖ್ ಪ್ರದೇಶವನ್ನು ತೊರೆದ ಒಂದು ಲಕ್ಷಕ್ಕೂ ಹೆಚ್ಚು ಜನ ಅರ್ಮೇನಿಯಾವನ್ನು ಸೇರಿದ್ದು ಈ ಗೋರಿಸ್ ಮಾರ್ಗವಾಗಿಯೇ. ಹಾಗಾಗಿ ಊರಿನವರ ಮುಂದೆ ಆ ಮಾತನ್ನು ಕುತೂಹಲಕ್ಕಾಗಿ ಕೆದಕಬೇಡಿ, ಅವರಾಗಿಯೇ ಹೇಳಿದರೆ ಕುಳಿತು ಕೇಳಿ. ಸೇನಾ ಠಾಣೆಗಳ ಚಿತ್ರ ತೆಗೆಯಬೇಡಿ, ಗಡಿಯತ್ತ ಹೋಗುವ ಅಪರಿಚಿತ ಕಾಲುದಾರಿಗಳನ್ನು ಹಿಡಿಯಬೇಡಿ. ಹೊರಡುವ ಮುನ್ನ ಸರ್ಕಾರದ ಪ್ರಯಾಣ ಸೂಚನೆಗಳನ್ನೂ, ಅಲ್ಲಿ ತಲುಪಿದ ಮೇಲೆ ತಂಗುವ ಮನೆಯ ಯಜಮಾನರ ಮಾತನ್ನೂ ಕೇಳಿ ಮುಂದುವರಿಯಿರಿ.

ಕಲ್ಲುದಾರಿ:

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ, ಆದರೆ ಒಂದು ರಾತ್ರಿಯಾದರೂ ತಾತೆವ್ ಹಳ್ಳಿಯಲ್ಲಿಯೇ ಉಳಿಯಬೇಕೆಂಬುದು ನನ್ನ ಅಭಿಪ್ರಾಯ. ಹಾಲಿದ್ಜೋರ್ ಹಳ್ಳಿಯಿಂದ ವೊರೊತಾನ್ ಕಮರಿಯನ್ನು ದಾಟಿಸುವ ರೋಪ್‌ವೇ 2010ರಲ್ಲಿ ಆರಂಭವಾಯಿತು. 5.7 ಕಿಲೋಮೀಟರ್ ದೂರವನ್ನು ಅದು ಹನ್ನೆರಡು ನಿಮಿಷಗಳಲ್ಲಿ ದಾಟುತ್ತದೆ. ಅದರಲ್ಲಿ ಬರುವವರು ಸಂಜೆಗೆ ಹಿಂದಿರುಗಿದ ಮೇಲೆ ಮಠದ ಅಂಗಳ ಬರಿದಾಗುತ್ತದೆ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಲಾರಂಭಿಸಿದ ಮುಖ್ಯ ಚರ್ಚು, ನೆಲ ನಡುಗಿದರೆ ಅಲುಗಾಡುವಂತೆ ನಿಲ್ಲಿಸಿದ್ದೆಂದು ಹೇಳುವ ಗವಜಾನ್ ಕಂಬ, ಗೋಡೆಯ ಹೊರಗಿನ ಹಳೆಯ ಎಣ್ಣೆಗಾಣ, ಇವೆಲ್ಲವನ್ನೂ ನಾನು ಒಬ್ಬನೇ ನಿಂತು ನೋಡಿದ್ದೇನೆ. ಹದಿನಾಲ್ಕನೆಯ ಶತಮಾನದಲ್ಲಿ ತತ್ತ್ವಜ್ಞಾನಿ ಗ್ರಿಗೊರ್ ತಾತೆವಾತ್ಸಿ ಪಾಠ ಹೇಳಿದ ವಿದ್ಯಾಕೇಂದ್ರ ಇದೇ. 1931ರ ಭೂಕಂಪದಲ್ಲಿ ಕುಸಿದ ಕಟ್ಟಡಗಳನ್ನು ಬಳಿಕ ಜೀರ್ಣೋದ್ಧಾರ ಮಾಡಿದ್ದಾರೆ.

ಮರುದಿನ ಕಮರಿಗೆ ನಡೆದು ಇಳಿಯಿರಿ. ತಳದಲ್ಲಿ ಸೈತಾನನ ಸೇತುವೆ ಎಂದು ಕರೆಯುವ ಸಹಜ ಕಲ್ಲುಸೇತುವೆಯೂ ಖನಿಜ ನೀರಿನ ಊಟೆಗಳೂ ಇವೆ. ಇಳಿಯುವುದು ಸುಲಭ, ಹತ್ತುವುದು ಬಿಸಿಲಿನಲ್ಲಿ ಕಷ್ಟ. ನಾನು ಹೊತ್ತಿನ ಅಂದಾಜು ತಪ್ಪಿ, ಸಂಜೆ ಮರಳುವ ವಾಹನ ಸಿಗದೆ ಎರಡು ಗಂಟೆ ರಸ್ತೆಬದಿಯಲ್ಲಿ ನಿಂತಿದ್ದೆ. ಕೊನೆಗೆ ಆಲೂಗಡ್ಡೆ ಮೂಟೆಗಳ ಲಾರಿಯವರೊಬ್ಬರು ಹತ್ತಿಸಿಕೊಂಡರು. ಹಳ್ಳಿಗಳ ನಡುವೆ ಮಾರ್ಶ್ರುತ್ಕಾ ವಿರಳ. ಆ ದಿನಕ್ಕೆ ಗೋರಿಸ್‌ನಿಂದ ಟ್ಯಾಕ್ಸಿಯನ್ನು ಮೊದಲೇ ಗೊತ್ತುಮಾಡಿ, ದರವನ್ನು ಅಲ್ಲಿನ ಹಣವಾದ ದ್ರಾಮ್‌ಗಳಲ್ಲಿ ಮಾತಾಡಿಕೊಳ್ಳಿ. ಹಳ್ಳಿಯಲ್ಲಿ ನಗದು ಕೈಯಲ್ಲಿರಲಿ.

ಖ್ನ್ದ್ಜೊರೆಸ್ಕ್‌ಗೆ ಅರ್ಧ ದಿನ ಸಾಲದು, ಇಡೀ ದಿನ ಕೊಡಿ. ಗೋರಿಸ್‌ನಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಈ ಹಳ್ಳಿಯ ಜನ 1950ರ ದಶಕದವರೆಗೂ ಬಂಡೆಗಳನ್ನು ಕೊರೆದು ಮಾಡಿದ ಗುಹೆಮನೆಗಳಲ್ಲಿ ವಾಸವಾಗಿದ್ದರು. ಒಂದರ ಮೇಲೊಂದಾಗಿ ಹಬ್ಬಿದ ಮನೆಗಳಲ್ಲಿ ಕೆಳಗಿನವರ ಚಾವಣಿಯೇ ಮೇಲಿನವರ ಅಂಗಳ. 2012ರಲ್ಲಿ ಕಟ್ಟಿದ 160 ಮೀಟರ್ ಉದ್ದದ ತೂಗುಸೇತುವೆಯನ್ನು ದಾಟಿ ಒಂದು ಗುಹೆಯೊಳಗೆ ಹೋದೆ. ಗೋಡೆಯಲ್ಲಿ ದೀಪವಿಡುವಂತಹ ಗೂಡು, ಮೂಲೆಯಲ್ಲಿ ಒಲೆಯ ಗುರುತು. ಚಾವಣಿಯನ್ನು ಮುಟ್ಟಿದಾಗ ಮಸಿ ಬೆರಳಿಗೆ ಹತ್ತಿತು. ಹೆಚ್ಚಿನವರು ಸೇತುವೆಯ ಮೇಲೆ ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ನೀವು ದಾಟಿ ಕೆಳಗಿಳಿದು, 1730ರಲ್ಲಿ ಕೊಲೆಯಾದ ದಳಪತಿ ಮ್ಖಿತಾರ್ ಸ್ಪಾರಾಪೆತ್‌ನ ಸಮಾಧಿಯವರೆಗೂ ಹೋಗಿ.

ತೋನಿರ್ ಬೆಂಕಿ:

ಊಟದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಾನೂ ಸಸ್ಯಾಹಾರಿ, ಗೋರಿಸ್‌ನಲ್ಲಿ ನಾಲ್ಕು ದಿನ ತೃಪ್ತಿಯಾಗಿ ಉಂಡೆ. ‘ಮಾಂಸ ತಿನ್ನುವುದಿಲ್ಲ’ ಎಂದರೆ ಕೆಲವರು ಕೋಳಿಯನ್ನು ಬಡಿಸಬಹುದು. ಅದರ ಬದಲು ‘ಪಾಸ್’ ಎನ್ನಿ. ಚರ್ಚಿನ ಉಪವಾಸದ ಆಹಾರಕ್ಕೆ ಅವರು ಬಳಸುವ ಪದವದು, ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇರುವುದಿಲ್ಲ. ಹಾಲು ಸೇವಿಸುವವರಾದರೆ ಮೊಸರಿಗೆ ಗೋಧಿ ಹಾಕಿ ಕಾಯಿಸುವ ಸ್ಪಾಸ್ ಎಂಬ ಸಾರು ಸಿಗುತ್ತದೆ, ಮಾಂಸದ ಸಾರು ಬೆರೆಸಿದೆಯೇ ಎಂದು ಕೇಳಿಕೊಳ್ಳಿ. ಗೋರಿಸ್‌ನ ಹುರುಳಿಕಾಯಿ ಜಾತಿಯ ಕಾಳು ಹೆಸರುವಾಸಿ.

ನನ್ನ ನೆನಪಿನಲ್ಲಿ ಉಳಿದಿರುವುದು ಝಿಂಗ್ಯಾಲೊವ್ ಹಾತ್ಸ್. ಕರಾಬಾಖ್‌ನಿಂದ ಬಂದು ಅಲ್ಲಿ ನೆಲೆಸಿದ ಒಬ್ಬ ಅಜ್ಜಿ ಹತ್ತಕ್ಕೂ ಹೆಚ್ಚು ಬಗೆಯ ಸೊಪ್ಪುಗಳನ್ನು ಸಣ್ಣಗೆ ಹೆಚ್ಚಿ, ತೆಳುವಾಗಿ ಲಟ್ಟಿಸಿದ ಹಿಟ್ಟಿನ ಮೇಲೆ ಹರಡಿ, ಅಂಚುಗಳನ್ನು ಚಿವುಟಿ ಮುಚ್ಚಿ, ಅಂಗೈಯಿಂದ ತಟ್ಟಿ ಬಿಸಿ ಹೆಂಚಿನ ಮೇಲೆ ಬೇಯಿಸಿಕೊಟ್ಟರು. ಈ ಸೊಪ್ಪುಗಳಲ್ಲಿ ಎರಡು ಇಲ್ಲಿನ ಗುಡ್ಡದಲ್ಲಿ ಸಿಗುವುದಿಲ್ಲವೆಂದು ಅವರ ಮೊಮ್ಮಗಳು ನನಗೆ ತಿಳಿಸಿದಳು. ಅಜ್ಜಿ ಏನೂ ಹೇಳದೆ ಇನ್ನೊಂದನ್ನು ತಟ್ಟೆಗೆ ಹಾಕಿದರು.

ಹಾದಿಹೋಕ:

ನಿಮ್ಮೆಲ್ಲರಿಗೂ ಮನಃಪೂರ್ವಕ ಧನ್ಯವಾದ. ಸಿಸಿಯಾನ್ ಎರಡು, ತಾತೆವ್ ಒಂದು, ಗೋರಿಸ್ ಎರಡು ರಾತ್ರಿ ಎಂದು ನಿಶ್ಚಯಿಸಿದೆವು. ಇನ್ನೊಂದು ಸಂದೇಹವಿದೆ. ಯಾರಾದರೂ ಮನೆಗೆ ಕರೆದು ಸತ್ಕರಿಸಿದರೆ ಹಣ ಕೊಡಬಹುದೇ?

ಅರಾರಾತ್ ನೆರೆಯವಳು:

ತಂಗುವ ಮನೆಯಲ್ಲಾದರೆ ಗೊತ್ತುಮಾಡಿದ ಬಾಡಿಗೆಯನ್ನು ಕೊಡಿ. ದಾರಿಯಲ್ಲಿ ಕಂಡು ಕಾಫಿಗೆ ಕರೆದವರಿಗೆ ಹಣ ಚಾಚಿದರೆ ನೋವಾಗುತ್ತದೆ. ಪಟ್ಟಣದಿಂದ ಹೊರಡುವಾಗ ಒಂದು ಡಬ್ಬಿ ಸಿಹಿಯನ್ನೋ ಒಳ್ಳೆಯ ಕಾಫಿಪುಡಿಯನ್ನೋ ಕೊಂಡು ಚೀಲದಲ್ಲಿಟ್ಟುಕೊಳ್ಳಿ. ಹಿಪ್ಪುನೇರಳೆ ಹಣ್ಣಿನಿಂದ ಭಟ್ಟಿಯಿಳಿಸಿದ ಮದ್ಯವನ್ನು ಸುರಿದು ಕೊಟ್ಟಾಗ, ಕುಡಿಯದವರಾದರೆ ಎದೆಯ ಮೇಲೆ ಕೈಯಿಟ್ಟು ಬೇಡವೆನ್ನಿ, ಬೇಸರಿಸುವುದಿಲ್ಲ. ಮನೆಯೊಳಗೆ ಹೋಗುವಾಗ ‘ಬರೆವ್ ದ್ಜೆಜ್’ ಎಂದು ನಮಸ್ಕರಿಸಿ, ಮೊದಲು ಹಿರಿಯರತ್ತ ತಿರುಗಿ.