ಸಹಾಯ ಬೇಕು: ಎಮರ್ಜೆನ್ಸಿಯಲ್ಲಿ ಅಜ್ಜಿ, ನೋವಿಗೆ ಇನ್ನೂ ಏನೂ ಕೊಟ್ಟಿಲ್ಲ

ಅಜ್ಜಿಗೆ 82 ವರ್ಷ. ಬೆಳಗ್ಗೆ ಬಚ್ಚಲಲ್ಲಿ ಜಾರಿ ಬಿದ್ರು. ಬಲಗಾಲು ಗಿಡ್ಡ ಆದಂತಿದೆ, ಪಾದ ಹೊರಕ್ಕೆ ತಿರುಗಿದೆ. ಸೊಂಟದ ಹತ್ರ ಮೂಳೆ ಮುರಿದಿರಬಹುದು ಅಂತ 108ರವರೇ ಹೇಳಿದ್ರು. ಈಗ ಬೆಂಗಳೂರಿನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿದ್ದೇವೆ. ಬಿಪಿ, ಪಲ್ಸ್ ನೋಡಿ, ಹಳದಿ ಟ್ಯಾಗ್ (ತುರ್ತು, ಆದರೆ ಸ್ವಲ್ಪ ಕಾಯಬಹುದು ಅನ್ನೋ ಗುರುತು) ಹಾಕಿ ಕಾರಿಡಾರಿನಲ್ಲಿ ಬಿಟ್ಟವರು ಮಧ್ಯಾಹ್ನ ಕಳೆದರೂ ಈ ಕಡೆ ಬಂದಿಲ್ಲ.

ಹಾರ್ಟ್ ಅಟ್ಯಾಕ್, ಆಕ್ಸಿಡೆಂಟ್ ಕೇಸುಗಳು ಮೊದಲು ಹೋಗಬೇಕು, ಒಪ್ತೀನಿ. ಆದರೆ ಅಜ್ಜಿ ಕೂಗಾಡೋರಲ್ಲ. ಸ್ಟ್ರೆಚರಿನ ಕಂಬಿ ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿಕೊಂಡು ಮಲಗಿದ್ದಾರೆ. ಸುಮ್ಮನಿದ್ದಾರೆ ಅಂದ್ರೆ ನೋವಿಲ್ಲ ಅಂತ ತಿಳ್ಕೊಂಡ್ರೆ ಹೇಗೆ?

ನರ್ಸನ್ನು ಕೇಳಿದ್ರೆ, ಎಕ್ಸ್‌ರೇ ಆಗಿ ಆರ್ಥೋ ಡಾಕ್ಟರ್ ನೋಡೋವರೆಗೆ ಇಂಜೆಕ್ಷನ್ ಕೊಡೋಕಾಗಲ್ಲ ಅಂದ್ರು. ಹೆಲ್ಪ್ ಡೆಸ್ಕಿನವರು ವಾಪಸ್ ನರ್ಸ್ ಹತ್ರವೇ ಕಳಿಸಿದ್ರು. ಬ್ಯಾಗಲ್ಲಿ ನೋವಿನ ಮಾತ್ರೆ ಡೈಕ್ಲೋಫೆನಾಕ್ ಇದೆ, ಆದರೆ ಅವರ ಕಿಡ್ನಿ ವೀಕ್, ಕೊಡೋ ಧೈರ್ಯ ಇಲ್ಲ. ಆಪರೇಷನ್ ಆಗಬಹುದು ಅಂತ ನೀರೂ ಕುಡಿಸಿಲ್ಲ.

ಇಲ್ಲಿ ಡಾಕ್ಟರ್, ನರ್ಸ್ ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ: ಎಕ್ಸ್‌ರೇಗೆ ಮೊದಲೇ ಡ್ರಿಪ್‌ನಲ್ಲಿ ಪ್ಯಾರಾಸಿಟಮಾಲ್, ಅಥವಾ ತೊಡೆಸಂದಿಗೆ ಕೊಡೋ ನರ್ವ್ ಬ್ಲಾಕ್ (ನರ ಮರಗಟ್ಟಿಸೋ ಇಂಜೆಕ್ಷನ್) ಕೊಡಿ ಅಂತ ಕೇಳಬಹುದಾ? ಯಾರನ್ನ ಕೇಳಬೇಕು, ಡ್ಯೂಟಿ ಡಾಕ್ಟರನ್ನಾ, ಆರ್‌ಎಂಒ (ರೆಸಿಡೆಂಟ್ ಮೆಡಿಕಲ್ ಆಫೀಸರ್) ಅವರನ್ನಾ?