ವಿಶ್ವ ಸ್ನೂಕರ್ ಅರ್ಹತಾ ಸುತ್ತು: ಕ್ರೂಸಿಬಲ್ ಸೇರುವ 16 ಮಂದಿಯನ್ನು ಲೆಕ್ಕ ಹಾಕಿ ಆರಿಸುವುದು ಹೇಗೆ?

ಬಾಕ್‌ಲೈನ್ ಕೇಳಿದ್ದು:

ನಮ್ಮ ಗುಂಪಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಅರ್ಹತಾ ಸುತ್ತಿನ ಮೇಲೆ ಊಹೆಯ ಸ್ಪರ್ಧೆ ಇಟ್ಟಿದ್ದೇವೆ. ದುಡ್ಡಿನ ವ್ಯವಹಾರ ಏನಿಲ್ಲ, ಬರೀ ಅಂಕ. ಡ್ರಾ ಬಂದ ಮೇಲೆ, ಮೊದಲ ಪಂದ್ಯ ಶುರುವಾಗುವುದರೊಳಗೆ 16 ಹೆಸರು ಬರೆದು ಕೊಡಬೇಕು. ಸೀಡ್ (ರ‍್ಯಾಂಕಿಂಗ್ ಕ್ರಮ) 17ರಿಂದ 48ರೊಳಗಿನವರು ಕ್ರೂಸಿಬಲ್‌ಗೆ (ಮುಖ್ಯ ಟೂರ್ನಿ ನಡೆಯುವ ಷೆಫೀಲ್ಡ್‌ನ ರಂಗಮಂದಿರ) ಹೋದರೆ 1 ಅಂಕ, 49ರಿಂದ 80ರವರಿಗೆ 2, ಅದಕ್ಕಿಂತ ಕೆಳಗಿನವರಿಗೆ 4. ತಪ್ಪಾದರೆ ಏನೂ ಕಳೆಯುವುದಿಲ್ಲ.

ರ‍್ಯಾಂಕಿಂಗ್ ಪಟ್ಟಿಯಲ್ಲಿ 17ರಿಂದ 32ರವರೆಗಿನ ಹೆಸರುಗಳನ್ನು ಹಾಗೇ ಬರೆದುಬಿಟ್ಟರೆ ಸಾಕೇ? ಇತ್ತೀಚಿನ ಫಾರ್ಮ್‌ಗೆ ಎಷ್ಟು ಬೆಲೆ ಕೊಡಬೇಕು? 4 ಅಂಕದ ಆಸೆಗೆ ಕೆಳಗಿನವರನ್ನು ಎಷ್ಟು ಮಂದಿ ಹಾಕಿಕೊಳ್ಳಬಹುದು? ಲೆಕ್ಕ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕೊನೆಯ ಕಪ್ಪು:

ಮೊದಲು ಡ್ರಾದ ಕಟ್ಟನ್ನು ಸರಿಯಾಗಿ ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಮೇಲಿನ 16 ಸೀಡ್‌ಗಳು ನೇರವಾಗಿ ಕ್ರೂಸಿಬಲ್‌ಗೆ. ಉಳಿದ 16 ಸ್ಥಾನಕ್ಕೆ 128 ಮಂದಿ. ಅಂದರೆ ಪ್ರತಿ ಸ್ಥಾನಕ್ಕೆ ಎಂಟು ಜನರ ಒಂದು ಗುಂಪು. ಆ ಗುಂಪಿನಲ್ಲಿ 17–48ರ ಇಬ್ಬರು, 49–80ರ ಇಬ್ಬರು, ಕೆಳಗಿನವರು ನಾಲ್ವರು. ಕೆಳಗಿನವರು ನಾಲ್ಕು ಪಂದ್ಯ ಗೆಲ್ಲಬೇಕು, ನಡುವಿನವರು ಮೂರು, ಮೇಲಿನವರು ಬರೀ ಎರಡು.

ಹಾಗಾಗಿ 128 ಹೆಸರಿನ ಪಟ್ಟಿ ಮುಂದಿಟ್ಟುಕೊಂಡು 16 ಆರಿಸಲು ಹೋಗಬೇಡಿ. ಎಂಟೆಂಟು ಜನರ 16 ಗುಂಪು ಮಾಡಿ, ಪ್ರತಿ ಗುಂಪಿನಿಂದ ಒಬ್ಬರನ್ನು ತೆಗೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ: ಇಷ್ಟದ ಇಬ್ಬರು ಆಟಗಾರರನ್ನು ಒಂದೇ ಗುಂಪಿನಿಂದ ಬರೆದಿರುತ್ತಾರೆ. ಒಬ್ಬರು ಬಂದರೆ ಇನ್ನೊಬ್ಬರು ಬರಲು ಸಾಧ್ಯವೇ ಇಲ್ಲ, ಒಂದು ಹೆಸರು ಬರೆಯುವಾಗಲೇ ಹೋಯಿತು. ಗುಂಪಿನ ಎಂಟೂ ಜನರ ಸಾಧ್ಯತೆ ಕೂಡಿಸಿದರೆ ಸರಿಯಾಗಿ ಶೇ 100 ಬರಬೇಕು. ಶೇ 130 ಬಂದರೆ ಯಾರನ್ನೋ ಅತಿಯಾಗಿ ನಂಬಿದ್ದೀರಿ ಎಂದರ್ಥ.

ಇನ್ನು ರ‍್ಯಾಂಕಿಂಗ್. ಅದು ಎರಡು ವರ್ಷದ ಬಹುಮಾನದ ಹಣದ ಮೊತ್ತ, ಇವತ್ತಿನ ಆಟದ ಅಳತೆ ಅಲ್ಲ. ಹದಿನೆಂಟು ತಿಂಗಳ ಹಿಂದೆ ಒಂದು ದೊಡ್ಡ ಟೂರ್ನಿ ಗೆದ್ದು ಆಮೇಲೆ ಸಪ್ಪೆಯಾದವರೂ ಮೇಲೇ ಕೂತಿರುತ್ತಾರೆ. ಉಲ್ಟಾ ಉದಾಹರಣೆ 2025ರ ಜಾವೊ ಶಿನ್‌ಟಾಂಗ್. 2021ರ ಯುಕೆ ಚಾಂಪಿಯನ್, ನಿಷೇಧ ಮುಗಿಸಿ 2024ರ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದವರು. ಆಗ ಟೂರ್ ಕಾರ್ಡ್ (ವೃತ್ತಿಪರ ಟೂರ್‌ನಲ್ಲಿ ಆಡುವ ಹಕ್ಕು) ಇರಲಿಲ್ಲ, ಅಮೆಚೂರ್ ಆಗಿ ತೀರ ಕೆಳಗಿನಿಂದ ಶುರು ಮಾಡಿದರು. ಅರ್ಹತೆಯ ನಾಲ್ಕು ಪಂದ್ಯ ಗೆದ್ದು ಕ್ರೂಸಿಬಲ್ ಸೇರಿದ್ದಷ್ಟೇ ಅಲ್ಲ, ಫೈನಲ್‌ನಲ್ಲಿ ಮಾರ್ಕ್ ವಿಲಿಯಮ್ಸ್ ಅವರನ್ನು 18–12ರಿಂದ ಸೋಲಿಸಿ ಪ್ರಶಸ್ತಿಯನ್ನೇ ಎತ್ತಿದರು. ರ‍್ಯಾಂಕಿಂಗ್ ಮಾತ್ರ ನೋಡಿದವರ ಪಟ್ಟಿಯಲ್ಲಿ ಅಂಥ ಹೆಸರು ಬರುವುದೇ ಇಲ್ಲ.

ರ‍್ಯಾಂಕಿಂಗ್ ಬದಲು ಫ್ರೇಮ್ (ಪಂದ್ಯದೊಳಗಿನ ಒಂದೊಂದು ಆಟ) ಲೆಕ್ಕ ಹಿಡಿಯಿರಿ. ಕಳೆದ 12 ತಿಂಗಳಲ್ಲಿ ಆಟಗಾರ ಗೆದ್ದ ಫ್ರೇಮ್, ಸೋತ ಫ್ರೇಮ್ ಎರಡನ್ನೂ ಬರೆದುಕೊಳ್ಳಿ. ಪಂದ್ಯದ ಸೋಲು-ಗೆಲುವಿಗಿಂತ ಇದು ಎಷ್ಟೋ ಮೇಲು. 3–4ರಿಂದ ಸೋತವರೂ 0–4ರಿಂದ ಸೋತವರೂ ಪಂದ್ಯದ ಪಟ್ಟಿಯಲ್ಲಿ ಒಂದೇ, ಆದರೆ ಆಟದಲ್ಲಿ ಒಂದೇ ಅಲ್ಲ. ಕೆಲವೇ ಫ್ರೇಮ್ ಆಡಿದವರ ಶೇಕಡಾವಾರು ಮೋಸ ಮಾಡುತ್ತದೆ, ಅದಕ್ಕೆ ಎಲ್ಲರಿಗೂ 25 ಗೆಲುವು, 25 ಸೋಲು ಸೇರಿಸಿಬಿಡಿ. 100ರಲ್ಲಿ 60 ಗೆದ್ದವರು 150ರಲ್ಲಿ 85 ಆಗುತ್ತಾರೆ, ಶೇ 60 ಇದ್ದದ್ದು 57ರ ಹತ್ತಿರಕ್ಕೆ ಇಳಿಯುತ್ತದೆ. ಆ ಇಳಿದ ಸಂಖ್ಯೆಯೇ ಹೆಚ್ಚು ನಂಬಿಕೆಗೆ ಅರ್ಹ.

ಇಬ್ಬರನ್ನು ಎದುರುಬದುರು ಇಡುವಾಗ ಗೆಲುವನ್ನು ಸೋಲಿನಿಂದ ಭಾಗಿಸಿ. ಒಬ್ಬರು ಶೇ 58 ಆದರೆ 58/42, ಅಂದರೆ 1.38. ಇನ್ನೊಬ್ಬರು ಶೇ 52 ಆದರೆ 52/48, ಅಂದರೆ 1.08. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.27. ಅದನ್ನು 2.27ರಿಂದ ಭಾಗಿಸಿದರೆ ಮೊದಲನೆಯವರು ಒಂದು ಫ್ರೇಮ್ ಗೆಲ್ಲುವ ಸಾಧ್ಯತೆ ಶೇ 56. ಇದು ಸರಿಯಾಗಬೇಕಾದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಮಟ್ಟದ ಎದುರಾಳಿಗಳ ಜೊತೆ ಆಡಿರಬೇಕು. ಕ್ಯೂ ಟೂರ್‌ನಲ್ಲಿ (ಕೆಳಹಂತದ ಅಮೆಚೂರ್ ಸರಣಿ) ಶೇ 65 ಗೆದ್ದವರನ್ನು ಮುಖ್ಯ ಟೂರ್‌ನ ಶೇ 65ಕ್ಕೆ ಸಮ ಎಂದು ಹಿಡಿಯಬೇಡಿ.

ಸೇಫ್ಟಿ ಮೊದಲು:

ಮೇಲಿನ ಲೆಕ್ಕಕ್ಕೆ ಪಂದ್ಯದ ಉದ್ದವನ್ನು ಸೇರಿಸಲೇಬೇಕು. ಈ ಅರ್ಹತಾ ಸುತ್ತಿನ ಗುಣ ಇರುವುದೇ ಅದರಲ್ಲಿ. ವರ್ಷವಿಡೀ ನಡೆಯುವ ಟೂರ್ನಿಗಳ ಮೊದಲ ಸುತ್ತುಗಳು ಬಹುಪಾಲು 7 ಫ್ರೇಮ್‌ನವು. ಇಲ್ಲಿ 19 ಫ್ರೇಮ್, ಮೊದಲು 10 ಮುಟ್ಟಿದವರು ಗೆದ್ದಂತೆ. ಮೊದಲ ಸೆಷನ್‌ನಲ್ಲಿ 9 ಫ್ರೇಮ್, ಎರಡನೆಯದರಲ್ಲಿ ಉಳಿದದ್ದು.

ಒಂದು ಫ್ರೇಮ್ ಗೆಲ್ಲುವ ಸಾಧ್ಯತೆ ಶೇ 55 ಇರುವವರು 7 ಫ್ರೇಮ್‌ನ ಪಂದ್ಯವನ್ನು ಶೇ 61 ಸಲ ಗೆಲ್ಲುತ್ತಾರೆ. 19 ಫ್ರೇಮ್ ಆದರೆ ಶೇ 67. ಫ್ರೇಮ್ ಸಾಧ್ಯತೆ ಶೇ 60 ಇದ್ದರೆ ಅದೇ ಕ್ರಮದಲ್ಲಿ ಶೇ 71, ಶೇ 81. ಕೈಲೆಕ್ಕಕ್ಕೆ ಒಂದು ಸುಲಭ ದಾರಿ: 19 ಫ್ರೇಮ್ ಪಂದ್ಯದಲ್ಲಿ ಶೇ 50ರ ಮೇಲಿನ ಪ್ರತಿ ಒಂದು ಅಂಶಕ್ಕೆ ಪಂದ್ಯದ ಸಾಧ್ಯತೆ ಮೂರೂವರೆ ಅಂಶ ಏರುತ್ತದೆ. 55 ದಾಟಿದ ಮೇಲೆ ಈ ಏರಿಕೆ ನಿಧಾನವಾಗುತ್ತದೆ. ‘ಕೊನೆಯ ಕಪ್ಪು’ ಕೊಟ್ಟ ಶೇ 56ರ ಉದಾಹರಣೆ ಹೀಗೆ ಪಂದ್ಯದಲ್ಲಿ ಸುಮಾರು ಶೇ 70 ಆಗುತ್ತದೆ.

ಉದ್ದದ ಪಂದ್ಯ ಅಂಕಿಯನ್ನಷ್ಟೇ ಅಲ್ಲ, ಆಟದ ಬಗೆಯನ್ನೂ ಅಳೆಯುತ್ತದೆ. ದೂರದ ಪಾಟ್‌ (ಚೆಂಡನ್ನು ಗುಳಿಗೆ ಹಾಕುವ ಹೊಡೆತ) ನಂಬಿ ಆಡುವವರಿಗೆ 7 ಫ್ರೇಮ್‌ನಲ್ಲಿ ಕೈ ಹಿಡಿದರೆ ಸಾಕು, ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಎರಡು ಸೆಷನ್ ಅಂದರೆ ಪಾಟ್ ತಪ್ಪುವ ಒಂದು ಗಂಟೆ ಬಂದೇ ಬರುತ್ತದೆ. ಆಗ ಕ್ಯೂ ಬಾಲ್‌ನ್ನು (ಬಿಳಿ ಚೆಂಡು) ಬಾಕ್ ಕುಷನ್‌ಗೆ (ಕೆಂಪು ಚೆಂಡುಗಳಿಂದ ದೂರದ ತುದಿಯ ಅಂಚು) ಅಂಟಿಸಿ ಇಡಲು ಬರುತ್ತದೆಯೇ, 30–40ರ ಬ್ರೇಕ್ (ಒಂದೇ ಸರದಿಯಲ್ಲಿ ಗಳಿಸಿದ ಅಂಕ) ಮುರಿದ ಮೇಲೂ ಚದುರಿದ ಫ್ರೇಮ್‌ನ್ನು ಬಣ್ಣದ ಚೆಂಡುಗಳವರೆಗೆ ಎಳೆದು ಗೆಲ್ಲಬಲ್ಲರೇ ಎನ್ನುವುದೇ ಮುಖ್ಯ. ಜ್ಯಾಕ್ ಜೋನ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. 2023ರಲ್ಲಿ ಮೊದಲ ಸಲ ಕ್ರೂಸಿಬಲ್‌ಗೆ ಬಂದು ಕ್ವಾರ್ಟರ್‌ಫೈನಲ್, 2024ರಲ್ಲಿ ಮತ್ತೆ ಅರ್ಹತೆಯಿಂದಲೇ ಬಂದು ಫೈನಲ್, ಅಲ್ಲಿ ಕೈರನ್ ವಿಲ್ಸನ್ ವಿರುದ್ಧ 14–18. ಆ 2024ರಲ್ಲಿ ಸೆಮಿಫೈನಲ್ ತಲುಪಿದ ನಾಲ್ವರಲ್ಲಿ ಜೋನ್ಸ್, ಡೇವಿಡ್ ಗಿಲ್ಬರ್ಟ್, ಸ್ಟುವರ್ಟ್ ಬಿಂಗಮ್ ಮೂವರೂ ಅರ್ಹತಾ ಸುತ್ತು ದಾಟಿ ಬಂದವರು. ತಾಳ್ಮೆ ಇರುವವರಿಗೆ ಈ ಪಂದ್ಯದ ಉದ್ದ ನಿಜವಾಗಿಯೂ ಒಲಿಯುತ್ತದೆ.

ಹಾಗಾಗಿ ಹೆಸರು ಬರೆಯುವ ಮೊದಲು ಆ ಆಟಗಾರ 11 ಫ್ರೇಮ್‌ಗಿಂತ ಉದ್ದದ ಪಂದ್ಯಗಳಲ್ಲಿ ಏನು ಮಾಡಿದ್ದಾರೆ ಎಂದು ಬೇರೆಯಾಗಿ ನೋಡಿ. ಅಂಥ ಪಂದ್ಯಗಳು ಕಡಿಮೆ ಇರುವುದರಿಂದ ಅದಕ್ಕೆ ಫ್ರೇಮ್ ಸಾಧ್ಯತೆಯಲ್ಲಿ ಒಂದು ಅಂಶ ಕೂಡಿಸುವುದೋ ಕಳೆಯುವುದೋ ಮಾಡಿ, ಹೆಚ್ಚು ಬೇಡ.

ಫಾರ್ಮ್ ವಿಷಯದಲ್ಲೂ ನನ್ನ ಅಭಿಪ್ರಾಯ ಅದೇ. ಕೊನೆಯ ಮೂರು ತಿಂಗಳ ಫ್ರೇಮ್‌ಗಳನ್ನು ಎರಡು ಸಲ ಎಣಿಸಿ, ಹಿಂದಿನ ಒಂಬತ್ತು ತಿಂಗಳದ್ದನ್ನು ಒಂದು ಸಲ. ಒಂದೇ ವಾರದ ಸೆಮಿಫೈನಲ್ ನೋಡಿ ಮರುಳಾಗಬೇಡಿ. ಅಲ್ಲಿ ಗೆದ್ದದ್ದರಲ್ಲಿ ಎಷ್ಟು ಪಂದ್ಯ ಕೊನೆಯ ನಿರ್ಣಾಯಕ ಫ್ರೇಮ್‌ನಲ್ಲಿ ಗೆದ್ದದ್ದು ಎಂದು ನೋಡಿ. ನಿರ್ಣಾಯಕ ಫ್ರೇಮ್ ಸಮಬಲರ ನಡುವೆ ನಾಣ್ಯ ಚಿಮ್ಮಿದಂತೆಯೇ. ಮೂರು 4–3 ಗೆಲುವನ್ನು ಮೂರು 4–1 ಗೆಲುವಿಗೆ ಸಮ ಎಂದು ತೂಗಬಾರದು.

ಬಾಕ್‌ಲೈನ್:

ಇಬ್ಬರಿಗೂ ಧನ್ಯವಾದ. ಫ್ರೇಮ್ ಲೆಕ್ಕ ತಿಳಿಯಿತು. ಆದರೆ ಗುಂಪಿನಲ್ಲಿ ಎದುರಾಳಿ ಯಾರಾಗುತ್ತಾರೆ ಎಂದು ಮೊದಲೇ ಗೊತ್ತಿರುವುದಿಲ್ಲವಲ್ಲ? ಮೇಲಿನ ಸೀಡ್‌ಗೆ ಎರಡೇ ಪಂದ್ಯ ಇದ್ದರೂ ಎದುರಿಗೆ ಬರುವವರು ಮೂರು ಜನರಲ್ಲಿ ಯಾರಾದರೂ ಆಗಬಹುದು. ಒಂದು ಗುಂಪನ್ನು ಪೂರ್ತಿ ಮಾಡಿ ತೋರಿಸುತ್ತೀರಾ?

ಕೊನೆಯ ಕಪ್ಪು:

ಅರ್ಧ ಗುಂಪು ಮಾಡಿ ತೋರಿಸುತ್ತೇನೆ, ಇನ್ನರ್ಧವೂ ಅದೇ ದಾರಿ. ಸಂಖ್ಯೆಗಳು ಉದಾಹರಣೆಗೆ ಮಾತ್ರ.

ಮೇಲಿನ ಸೀಡ್‌ಗೆ ಅ ಎನ್ನೋಣ, ನಡುವಿನವರಿಗೆ ಕ. ಕೆಳಗಿನ ಇಬ್ಬರು ಚ ಮತ್ತು ಟ. ಇದರಲ್ಲಿ ಚ ರ‍್ಯಾಂಕಿಂಗ್‌ನಲ್ಲಿ ಕೆಳಗಿದ್ದರೂ ಆಟದಲ್ಲಿ ಗಟ್ಟಿಗ. ಮೊದಲ ಪಂದ್ಯದಲ್ಲಿ ಚ ಅವರು ಟ ಅವರನ್ನು ಸೋಲಿಸುವ ಸಾಧ್ಯತೆ ಶೇ 80. ಎರಡನೆಯದರಲ್ಲಿ ಕ ಅವರನ್ನು ಸೋಲಿಸುವುದು ಶೇ 60. ಗುಣಿಸಿದರೆ 0.48. ಅಂದರೆ ಅ ಅವರ ಎದುರಿಗೆ ಚ ಬರುವ ಸಾಧ್ಯತೆ ಶೇ 48, ಬೇರೆಯವರು ಬರುವುದು ಶೇ 52.

ಅ ಅವರಿಗೆ ಚ ಸಿಕ್ಕರೆ ಗೆಲುವು ಶೇ 55, ಬೇರೆಯವರು ಸಿಕ್ಕರೆ ಶೇ 72 ಎಂದುಕೊಳ್ಳಿ. 0.48 ಗುಣಿಸು 0.55, ಜೊತೆಗೆ 0.52 ಗುಣಿಸು 0.72. ಒಟ್ಟು 0.64. ಇದು ಅ ಕೊನೆಯ ಸುತ್ತು ತಲುಪುವ ಸಾಧ್ಯತೆ. ಚ ಅವರದ್ದು 0.48 ಗುಣಿಸು 0.45, ಅಂದರೆ 0.22. ಉಳಿದ 0.14 ಕ ಮತ್ತು ಟ ಅವರದ್ದು. ಮೂರೂ ಕೂಡಿಸಿದರೆ 1, ಲೆಕ್ಕ ಸರಿ ಇದೆ.

ಕೊನೆಯ ಸುತ್ತಿನಲ್ಲಿ, ಇನ್ನರ್ಧ ಗುಂಪಿನಿಂದ ಬಂದವರ ಎದುರು, ಅ ಶೇ 60, ಚ ಶೇ 50 ಗೆಲ್ಲುತ್ತಾರೆ ಎಂದರೆ ಅ ಕ್ರೂಸಿಬಲ್ ಸೇರುವುದು ಶೇ 38, ಚ ಸೇರುವುದು ಶೇ 11. ಚ ಚೆನ್ನಾಗಿ ಆಡುವವರೇ ಆದರೂ ನಾಲ್ಕು ಪಂದ್ಯ ಗುಣಿಸುತ್ತಾ ಹೋದಂತೆ ಇಷ್ಟಕ್ಕೆ ಇಳಿಯುತ್ತದೆ.

ಈಗ ನಿಮ್ಮ ಅಂಕಕ್ಕೆ ಬನ್ನಿ. ಅ: 0.38 ಗುಣಿಸು 1, ಅಂದರೆ 0.38. ಚ: 0.11 ಗುಣಿಸು 4, ಅಂದರೆ 0.44. ನಿಮ್ಮ ನಿಯಮದಲ್ಲಿ ಈ ಗುಂಪಿನಿಂದ ಬರೆಯಬೇಕಾದ ಹೆಸರು ಚ! ಸಾಧ್ಯತೆ ಕಡಿಮೆ, ಆದರೆ ಸರಾಸರಿ ಅಂಕ ಹೆಚ್ಚು. ಒಟ್ಟಾರೆ ಗೆರೆ ಹೀಗೆ: 4 ಅಂಕದವರು ಗುಂಪಿನ ಅತಿ ಬಲಶಾಲಿಯ ಸಾಧ್ಯತೆಯಲ್ಲಿ ಕಾಲು ಭಾಗ ದಾಟಿದರೆ ಅವರನ್ನೇ ಹಾಕಿ, 2 ಅಂಕದವರಾದರೆ ಅರ್ಧ ದಾಟಬೇಕು. ಹಾಗೆ ದಾಟುವವರು ಪ್ರತಿ ಗುಂಪಿನಲ್ಲೂ ಸಿಗುವುದಿಲ್ಲ. ಕೆಳಗಿನ ನಾಲ್ವರೂ ಟೂರ್‌ನಲ್ಲಿ ಒದ್ದಾಡುತ್ತಿರುವವರೇ ಆಗಿದ್ದರೆ ಒಬ್ಬೊಬ್ಬರಿಗೆ ಶೇ 2 ಅಥವಾ 3 ಬಂದರೆ ಹೆಚ್ಚು, ಅಲ್ಲಿ ಸೀಡ್‌ನ್ನೇ ನಂಬಿ.

ಎಲ್ಲ ಗುಂಪಿನಲ್ಲೂ ಅತಿ ಸಂಭವನೀಯ ಹೆಸರನ್ನೇ ಬರೆದರೂ ಸರಾಸರಿ ಶೇ 40ರ ಆಸುಪಾಸು ಇರುತ್ತದೆ. ಅಂದರೆ 16ರಲ್ಲಿ ಆರು ಸರಿಯಾದರೆ ಲೆಕ್ಕ ತಪ್ಪಿಲ್ಲ. ನಾಲ್ಕಕ್ಕೆ ಇಳಿದರೂ ಎಂಟಕ್ಕೆ ಏರಿದರೂ ಅದು ಅದೃಷ್ಟದ ಅಂತರವೇ. ಒಂದು ವರ್ಷದ ಫಲಿತಾಂಶ ನೋಡಿ ವಿಧಾನ ಬದಲಿಸಬೇಡಿ.

ಕಂದು ಚೆಂಡು:

ಮೇಲಿನವರು ಹೇಳಿದ್ದರ ಜೊತೆ ಅಂಕಿಯಲ್ಲಿ ಕಾಣದ ಎರಡು ವಿಷಯ.

ಒಂದು, ಟೂರ್ ಕಾರ್ಡ್. ಋತುವಿನ ಕೊನೆಗೆ ಮೊದಲ 64ರೊಳಗೆ ಇದ್ದವರಿಗೆ ಸ್ಥಾನ ಭದ್ರ. ಎರಡು ವರ್ಷದ ಕಾರ್ಡ್ ಮುಗಿಯುತ್ತಿದ್ದು 64ರ ಹೊರಗಿರುವವರಿಗೆ ಆ 64ರೊಳಗೆ ಸೇರಲು ಈ ಟೂರ್ನಿಯೇ ಕೊನೆಯ ಅವಕಾಶ. 60ರಿಂದ 75ರ ನಡುವಿನವರ ಪಂದ್ಯಗಳಲ್ಲಿ ಈ ಒತ್ತಡ ಕಣ್ಣಿಗೆ ಹೊಡೆಯುತ್ತದೆ: ಸುಲಭದ ಕೆಂಪು ಬಿಟ್ಟು ಸೇಫ್ಟಿಗೆ (ಎದುರಾಳಿಗೆ ಅವಕಾಶ ಸಿಗದಂತೆ ಹೊಡೆಯುವುದು) ಹೋಗುವುದು, ಒಂದೊಂದು ಹೊಡೆತಕ್ಕೂ ಹೊತ್ತು ಹಿಡಿಯುವುದು. ಇದು ಯಾರ ಕಡೆ ವಾಲುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ಹಾಗಾಗಿ ಇಂಥ ಪಂದ್ಯಗಳನ್ನು ಶೇ 50ರ ಕಡೆಗೆ ಸ್ವಲ್ಪ ಎಳೆದುಬಿಡಿ. ‘ಕಾರ್ಡ್ ಉಳಿಸಿಕೊಳ್ಳಬೇಕಾದವನು ಹೆಚ್ಚು ಹೋರಾಡುತ್ತಾನೆ’ ಎಂದು ಒಂದೇ ಕಡೆಗೆ ಅಂಶ ಕೂಡಿಸಬೇಡಿ.

ಎರಡು, ಕೆಳಗಿನಿಂದ ಗೆದ್ದು ಬಂದವರಿಗೆ ಸಿಗುವ ಹದ. ಷೆಫೀಲ್ಡ್‌ನ ಇಂಗ್ಲಿಷ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಟೇಬಲ್‌ಗಳು ಸಾಲಾಗಿ, ನಡುವೆ ಅಡ್ಡಗೋಡೆ ಇಟ್ಟು ಹಾಕಿರುತ್ತಾರೆ. ಹೊಸ ಬಟ್ಟೆಯ ಮೇಲೆ ಚೆಂಡು ಹೆಚ್ಚು ಜಾರುತ್ತದೆ, ಕುಷನ್‌ನಿಂದ ಹೊರಳುವ ಕೋನ ಬೇರೆ. ಎರಡು ಪಂದ್ಯ ಆಡಿದವರಿಗೆ ವೇಗ ಕೈಗೆ ಕೂತಿರುತ್ತದೆ, ಸೀಡ್‌ಗೆ ಅದು ಮೊದಲ ಪಂದ್ಯ. ಮೊದಲ ಮೂರು ನಾಲ್ಕು ಫ್ರೇಮ್‌ನಲ್ಲಿ ಸೀಡ್‌ಗಳ ಸೇಫ್ಟಿ ಗಿಡ್ಡವಾಗಿಯೋ ಉದ್ದವಾಗಿಯೋ ನಿಲ್ಲುವುದನ್ನು ಗಮನಿಸಿ. 7 ಫ್ರೇಮ್ ಪಂದ್ಯವಾಗಿದ್ದರೆ ಅಷ್ಟರಲ್ಲಿ ಕಥೆ ಮುಗಿಯುತ್ತಿತ್ತು, 19ರಲ್ಲಿ ಸರಿಪಡಿಸಿಕೊಳ್ಳಲು ಸಮಯ ಇದೆ. ಸೀಡ್‌ಗೆ ಅರ್ಧ ಅಂಶ ಕಳೆದರೆ ಸಾಕು.

ಫ್ರೇಮ್ ಅಂಕಿಗಳಿಗೆ ಕ್ಯೂಟ್ರ್ಯಾಕರ್ ಜಾಲತಾಣ ಅನುಕೂಲ. ಡ್ರಾವನ್ನು ಮಾತ್ರ ಹೆಸರು ಕೊಡುವ ಹಿಂದಿನ ರಾತ್ರಿ ಇನ್ನೊಮ್ಮೆ ನೋಡಿ, ಯಾರಾದರೂ ಹಿಂದೆ ಸರಿದಿದ್ದರೆ ಇಡೀ ಗುಂಪಿನ ಲೆಕ್ಕ ಬದಲಾಗುತ್ತದೆ.

ಬಾಕ್‌ಲೈನ್:

ಕೊನೆಯ ಸುತ್ತಿಗೆ ನಮ್ಮಲ್ಲಿ ಒಂದು ವಿನಾಯಿತಿ ಇದೆ. ಆ 16 ಪಂದ್ಯಗಳ ಮೊದಲ ಸೆಷನ್ ಮುಗಿದ ಮೇಲೆ ಎರಡು ಹೆಸರು ಬದಲಿಸಬಹುದು. ಎಷ್ಟು ಅಂತರ ಇದ್ದರೆ ಬದಲಿಸಬೇಕು?

ಸೇಫ್ಟಿ ಮೊದಲು:

ಸಮಬಲರು ಎಂದಿಟ್ಟುಕೊಂಡರೆ, ಮೊದಲ ಸೆಷನ್‌ನಲ್ಲಿ 5–4 ಮುಂದಿರುವವರು ಶೇ 62 ಗೆಲ್ಲುತ್ತಾರೆ. 6–3 ಆದರೆ ಶೇ 83, 7–2 ಆದರೆ ಶೇ 94ರ ಮೇಲೆ. ಮುಂದಿರುವವರು ಸ್ವಲ್ಪ ದುರ್ಬಲರಾಗಿದ್ದು ಫ್ರೇಮ್‌ಗೆ ಶೇ 45 ಮಾತ್ರ ಇದ್ದರೂ 6–3ರಿಂದ ಶೇ 73 ಅವರದ್ದೇ. ಆದ್ದರಿಂದ 5–4ಕ್ಕೆ ಕೈ ಹಾಕಬೇಡಿ, 6–3ರಿಂದ ಮೇಲೆ ನಿಮ್ಮವರು ಹಿಂದಿದ್ದರೆ ಮಾತ್ರ ಬದಲಿಸಿ. ಅಂಥವು ಎರಡಕ್ಕಿಂತ ಹೆಚ್ಚಿದ್ದರೆ, ಮುಂದಿರುವವರ ಸಾಧ್ಯತೆಯನ್ನು ಅವರ ಅಂಕದಿಂದ ಗುಣಿಸಿ, ಅದರಿಂದ ನಿಮ್ಮವರದ್ದನ್ನು ಹಾಗೇ ಗುಣಿಸಿ ಕಳೆಯಿರಿ. ಹೆಚ್ಚು ಉಳಿದ ಎರಡು ಪಂದ್ಯ ನಿಮಗೆ ಬೇಕಾದವು. 4 ಅಂಕದ ಹೆಸರು 3–6ರಿಂದ ಹಿಂದಿದ್ದು ಎದುರಿಗೆ 1 ಅಂಕದ ಸೀಡ್ ಇದ್ದರೆ ಶೇ 17 ಗುಣಿಸು 4 ಅಂದರೆ 0.68, ಸೀಡ್‌ಗೆ 0.83. ಅಂತರ ಬರೀ 0.15. ಅದೇ 1 ಅಂಕದವರು ಇಬ್ಬರ ಪಂದ್ಯವಾದರೆ ಅಂತರ 0.66. ಬದಲಾವಣೆಯನ್ನು ಅಂಥ ಕಡೆ ಖರ್ಚು ಮಾಡಿ.