ಕಳ್ಳಿಹಾಲಿನ ಸಂಯುಕ್ತಗಳು: ಗಂತಿ ‘ಪ್ರಚೋದಕ’ವೋ ‘ಪ್ರವರ್ಧಕ’ವೋ?

ಕಳ್ಳಿಯೂ ಸೇರಿರುವ ಯೂಫೋರ್ಬಿಯೇಸಿ ಕುಟುಂಬದ ಗಿಡಗಳ ಲೇಟೆಕ್ಸಿನಲ್ಲಿರುವ (ಗಿಡವನ್ನು ಮುರಿದಾಗ ಒಸರುವ ಹಾಲಿನಂಥ ದ್ರವದಲ್ಲಿರುವ) ಡೈಟರ್ಪೀನ್ ಎಸ್ಟರುಗಳೆಂಬ ಸಂಯುಕ್ತಗಳನ್ನು ಕುರಿತು ಕನ್ನಡದಲ್ಲಿ ಬರೆಯುವಾಗ ಎರಡು ಪದಗಳು ನನ್ನನ್ನು ತಡೆದು ನಿಲ್ಲಿಸಿವೆ.

ಮೊದಲನೆಯದು ಲೇಟೆಕ್ಸ್. ಇದಕ್ಕೆ ‘ಸೊನೆ’ ಎನ್ನಬಹುದಾದರೂ, ಮಾವಿನ ತೊಟ್ಟು ಮುರಿದಾಗ ಚಿಮ್ಮುವ ದ್ರವಕ್ಕೂ ಅದೇ ಹೆಸರಿದೆ. ಅದು ರಾಳನಾಳಗಳಿಂದ ಬರುವಂಥದ್ದು, ಚರ್ಮಕ್ಕೆ ಅದು ಮಾಡುವ ತೊಂದರೆಯ ಕಾರಣವೂ ಬೇರೆ. ಹಲಸಿನದಾದರೆ ‘ಮೇಣ’ ಎನ್ನುತ್ತೇವೆ, ಕಳ್ಳಿ ಎಕ್ಕಗಳದಾದರೆ ‘ಹಾಲು’. ಗಿಡದ ಹೆಸರು ಮುಂದಿರುವಲ್ಲಿ ‘ಕಳ್ಳಿಹಾಲು’ ಎಂದೂ, ಇಲ್ಲದಲ್ಲಿ ‘ಸಸ್ಯಕ್ಷೀರ’ ಎಂದೂ ಬರೆಯುವುದು ನನಗೆ ಸರಿಕಾಣುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ: ಈ ಹಾಲು ಕಣ್ಣಿಗೆ ಸಿಡಿದರೆ ತೀವ್ರ ಉರಿಯೂತವಾಗುತ್ತದೆ.

ನಿಜವಾದ ತೊಡಕು ಎರಡನೆಯದು. ‘ಟ್ಯೂಮರ್ ಪ್ರೊಮೋಟರ್’ ಎಂಬುದನ್ನು ‘ಗಂತಿ ಪ್ರಚೋದಕ’ ಎಂದರೆ ಗಂತಿಗೆ, ಅಂದರೆ ದೇಹದಲ್ಲಿ ಅಸಹಜವಾಗಿ ಬೆಳೆಯುವ ಗಡ್ಡೆಗೆ, ನಾಂದಿ ಹಾಡುವ ವಸ್ತು ಎಂಬ ಅರ್ಥ ಬರುತ್ತದೆ. ವಿಜ್ಞಾನ ಹೇಳುವುದು ಹಾಗಲ್ಲ. ಇಲಿಯ ಚರ್ಮಕ್ಕೆ ಮೊದಲು ಕ್ಯಾನ್ಸರ್‌ಕಾರಕವೊಂದನ್ನು, ಅದೊಂದರಿಂದಲೇ ಗಂತಿ ಮೂಡದಷ್ಟು ಅಲ್ಪ ಪ್ರಮಾಣದಲ್ಲಿ ಹಚ್ಚಿ, ಅನಂತರ ಜಾಪಾಳದ ಎಣ್ಣೆಯನ್ನು ವಾರಗಟ್ಟಲೆ ಮತ್ತೆ ಮತ್ತೆ ಸವರಿದಾಗ ಗಂತಿಗಳು ಏಳುತ್ತವೆ; ಕ್ರಮವನ್ನು ತಿರುವುಮುರುವು ಮಾಡಿದರೆ ಆ ಫಲ ಸಿಗುವುದಿಲ್ಲ. ಮೊದಲ ವಸ್ತು ಡಿಎನ್‌ಎಯನ್ನು ಕೆಡಿಸುತ್ತದೆ. ಎಣ್ಣೆಯಲ್ಲಿರುವ ಫಾರ್ಬಾಲ್ ಎಸ್ಟರುಗಳೆಂಬ ಡೈಟರ್ಪೀನ್ ಎಸ್ಟರುಗಳು ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವನ್ನು ಎಚ್ಚರಿಸಿ, ಆಗಲೇ ಕೆಟ್ಟಿರುವ ಕೋಶಗಳು ಹೆಚ್ಚಿಕೊಳ್ಳಲು ಎಡೆಮಾಡುತ್ತವೆ. (ಜಾಪಾಳದ್ದು ಬೀಜದ ಎಣ್ಣೆ, ಹಾಲಲ್ಲ, ಆದರೆ ಅದೇ ಬಳಗದ ಎಸ್ಟರುಗಳು ಹಲವು ಕಳ್ಳಿಗಳ ಹಾಲಿನಲ್ಲೂ ಇವೆ.) ಆದುದರಿಂದ ಮೊದಲನೆಯದನ್ನು ‘ಆರಂಭಕ’, ಎರಡನೆಯದನ್ನು ‘ಪ್ರವರ್ಧಕ’ ಎನ್ನುವುದು ಮೇಲು. ‘ಪೋಷಕ’ವೂ ಹೊಂದೀತು, ಆದರೆ ಅದರಲ್ಲಿ ಅಕ್ಕರೆಯ ಛಾಯೆ ಹೆಚ್ಚು.

ಈ ಎರಡರ ಜೊತೆಗೆ ಬರುವ ‘ಇರಿಟೆಂಟ್’ ಪದಕ್ಕೆ ‘ಉದ್ರೇಕಕಾರಿ’ ಎಂದರೆ ಮನಸ್ಸಿನ ವಿಷಯವೆನಿಸುತ್ತದೆ. ‘ಚರ್ಮ ಕೆರಳಿಸುವ’ ಎಂದರೆ ಸಾಕು. ಆದರೆ ಈ ಎಸ್ಟರುಗಳನ್ನು ಬಣ್ಣಿಸುವ ‘ಚರ್ಮ ಕೆರಳಿಸುವ ಮತ್ತು ಗಂತಿಪ್ರವರ್ಧಕ’ ಎಂಬಲ್ಲಿನ ‘ಮತ್ತು’ವನ್ನು ಕಳೆದು ಎರಡನ್ನೂ ಒಂದೇ ಪದದಲ್ಲಿ ಬೆಸೆಯುವಂತಿಲ್ಲ, ಏಕೆಂದರೆ ಯೂಫೋರ್ಬಿಯಾ ರೆಸಿನಿಫೆರಾ ಎಂಬ ಕಳ್ಳಿಯ ಹಾಲಿನಲ್ಲಿರುವ ರೆಸಿನಿಫೆರಾಟಾಕ್ಸಿನ್ ವಿಪರೀತವಾಗಿ ಕೆರಳಿಸುತ್ತದೆಯಾದರೂ ಫಾರ್ಬಾಲ್ ಎಸ್ಟರುಗಳಂತೆ ಗಂತಿಯನ್ನು ಪ್ರವರ್ಧಿಸುವುದಿಲ್ಲ, ಅದು ಹಿಡಿಯುವುದು ಮೆಣಸಿನಕಾಯಿಯ ಖಾರ ತಾಗುವ ನರಗ್ರಾಹಕವನ್ನು.

ನನ್ನ ಅನುಮಾನ ಒಂದೇ. ವಂಶವಾಹಿಯ ಕೆಲಸಕ್ಕೆ ಚಾಲನೆ ಕೊಡುವ ಡಿಎನ್‌ಎ ಭಾಗವನ್ನೂ ಇಂಗ್ಲಿಷಿನಲ್ಲಿ ‘ಪ್ರೊಮೋಟರ್’ ಎಂದೇ ಕರೆಯುತ್ತಾರೆ. ಅದಕ್ಕೆ ‘ಪ್ರವರ್ತಕ’ ಒಪ್ಪುತ್ತದೆ. ಹಾಗಾದರೆ ಒಂದೇ ಪುಟದಲ್ಲಿ ‘ಪ್ರವರ್ತಕ’, ‘ಪ್ರವರ್ಧಕ’ ಎರಡೂ ಬಂದಾಗ ಓದುಗರು ಅದನ್ನು ಅಚ್ಚಿನ ತಪ್ಪೆಂದು ಭಾವಿಸರೇ? ಈ ಗೊಂದಲಕ್ಕೆ ಎಡೆಗೊಡದ ಅಚ್ಚಗನ್ನಡ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಬೇಕು.